ಚಿತ್ರ ತಿದ್ದುವ ತಂತ್ರಾಂಶದ ಆಯ್ಕೆ

“ಮೇಷ್ಟ್ರೇ, ಹೊಸ ಕ್ಯಾಮರಾ ಕೊಂಡಿದ್ದೇನೆ. ಚಿತ್ರ ತಿದ್ದಲು ಯಾವ ತಂತ್ರಾಂಶ ಒಳ್ಳೆಯದು?” ಎಂದು ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ಕೇಳಿದ. ಕನ್ನಡ ಪಂಡಿತನಿಗೆ ಈ ಉಸಾಬರಿ ಏಕೆಂದು ನೀವು ನಗಬಹುದು. ಶಾಲೆಯ ಸಮಾರಂಭಗಳ ಚಿತ್ರ ತೆಗೆಯುವ ಕೆಲಸ ಬಹುಕಾಲದಿಂದ ನನ್ನ ಪಾಲಿಗೆ ಬಂದಿದೆ. ಅದರಲ್ಲಿ ಒಂದು ತಪ್ಪನ್ನೂ ಮಾಡಿದ್ದೇನೆ.

ಒಮ್ಮೆ ಶಾಲೆಯ ಗುಂಪುಚಿತ್ರವನ್ನು ಅಂದಗೊಳಿಸಲು ಕುಳಿತೆ. ಸಾಲಿನ ಕೊನೆಯಲ್ಲಿ, ತುಸು ದೂರವಾಗಿ, ನಮ್ಮ ಜವಾನ ನಿಂತಿದ್ದ. ಚೌಕಟ್ಟಿಗೆ ಒಪ್ಪಲಿಲ್ಲವೆಂದು ಆ ಅಂಚನ್ನು ಕತ್ತರಿಸಿ, ಹಳೆಯ ಕಡತದ ಮೇಲೆಯೇ ಉಳಿಸಿಬಿಟ್ಟೆ. ಕೆಲವು ವರ್ಷಗಳ ತರುವಾಯ ಆತ ತೀರಿಕೊಂಡಾಗ ಮಗಳು ಬಂದು, “ಅಪ್ಪನ ಚಿತ್ರ ಶಾಲೆಯಲ್ಲಿ ಒಂದಾದರೂ ಇದೆಯೆ?” ಎಂದಳು. ನಾನು ತಲೆ ತಗ್ಗಿಸಬೇಕಾಯಿತು.

ಗ್ರಂಥಸಂಪಾದನೆಯ ಪಾಠ ಕಲಿತಿದ್ದ ನನಗೆ ಇದು ಮೊದಲೇ ಹೊಳೆಯಬೇಕಾಗಿತ್ತು. ಸಂಪಾದಕನಾದವನು ಓಲೆಗರಿಯನ್ನು ಕೆರೆದು ತಿದ್ದುವುದುಂಟೆ? ಮೂಲವನ್ನು ಇದ್ದಂತೆಯೇ ಇಟ್ಟು, ತಿದ್ದುಪಡಿಗಳನ್ನೂ ಪಾಠಾಂತರಗಳನ್ನೂ ಬೇರೆಯಾಗಿ ಬರೆಯುತ್ತಾನೆ. ತಂತ್ರಾಂಶವನ್ನು ಆರಿಸುವಾಗ ಮೊದಲು ನೋಡಬೇಕಾದ ಗುಣವೂ ಇದೇ. 2007ರಲ್ಲಿ ಬಂದ ಲೈಟ್‌ರೂಮ್, 2009ರಲ್ಲಿ ಬಂದ ಡಾರ್ಕ್‌ಟೇಬಲ್ ಇವು ಮೂಲಚಿತ್ರವನ್ನು ಮುಟ್ಟುವುದಿಲ್ಲ. ‘ಇಷ್ಟು ಬೆಳಕು ಹೆಚ್ಚಲಿ, ಇಲ್ಲಿ ಕತ್ತರಿಸಲಿ’ ಎಂಬ ಸೂಚನೆಗಳನ್ನಷ್ಟೇ ಪ್ರತ್ಯೇಕವಾಗಿ ಬರೆದಿಡುತ್ತವೆ. ಬೇಡವೆನಿಸಿದರೆ ಎಂದಾದರೂ ಮೊದಲಿನ ಸ್ಥಿತಿಗೆ ಮರಳಬಹುದು. ಫೋಟೋಶಾಪ್, ಗಿಂಪ್ ಮುಂತಾದವು ಕುಸುರಿಕೆಲಸಕ್ಕೆ ಸಮರ್ಥವಾದವು. ಆದರೆ ಅಲ್ಲಿ ಮೂಲದ ಪ್ರತಿಯೊಂದನ್ನು ತೆಗೆದಿಟ್ಟುಕೊಂಡೇ ಕೈಹಾಕಬೇಕು.

ಎರಡನೆಯದು, ನಿಮ್ಮ ಕ್ಯಾಮರಾದ ‘ರಾ’ ಕಡತವನ್ನು ಅದು ಓದಬಲ್ಲುದೆ ಎಂಬುದು. ಸಾಧಾರಣ ಜೆಪೆಗ್ ಚಿತ್ರದಲ್ಲಿ ಕೆಂಪು, ಹಸುರು, ನೀಲಿ ಒಂದೊಂದಕ್ಕೂ 256 ಮೆಟ್ಟಿಲುಗಳು. 14 ಬಿಟ್‌ನ ರಾ ಕಡತದಲ್ಲಿ 16,384. ನೆರಳಿನಲ್ಲಿ ಮರೆಯಾದ ಮುಖವನ್ನು ಬೆಳಗಿಸಲು ಈ ಸಂಪತ್ತು ಬೇಕಾಗುತ್ತದೆ.

ಮೂರನೆಯದು ಹಣದ ಮಾತು. ಅಡೋಬಿ ಕಂಪನಿ 2013ರಿಂದ ಚಂದಾಪದ್ಧತಿಗೆ ತಿರುಗಿತು. ಈಗ ಲೈಟ್‌ರೂಮ್‌ಗೂ ಚಂದಾ ಸಲ್ಲುತ್ತಿರಬೇಕು. ಡಾರ್ಕ್‌ಟೇಬಲ್, ಗಿಂಪ್‌ಗಳಿಗೆ ಬೆಲೆಯಿಲ್ಲ. ಕಲಿಯುವ ಶ್ರಮವೇ ಬೆಲೆ. ಆದರೆ ಬೆಲೆ ತೆತ್ತ ಮಾತ್ರಕ್ಕೆ ಭದ್ರವೆಂದೂ ತಿಳಿಯಬಾರದು. ಆಪಲ್ ಕಂಪನಿಯ ಅಪರ್ಚರ್ 2005ರಲ್ಲಿ ಬಂದಿತು; 2014ರಲ್ಲಿ ಅದರ ಬೆಳವಣಿಗೆಯನ್ನು ನಿಲ್ಲಿಸುವುದಾಗಿ ಕಂಪನಿಯೇ ಸಾರಿತು. ಆದ್ದರಿಂದ ಮುಗಿದ ಚಿತ್ರವನ್ನು ಎಲ್ಲೆಡೆ ತೆರೆಯಬಲ್ಲ ಜೆಪೆಗ್ ಅಥವಾ ಟಿಫ್ ರೂಪದಲ್ಲೂ ಇಟ್ಟುಕೊಳ್ಳುವುದು ಮೇಲು.

ನನ್ನ ವಿದ್ಯಾರ್ಥಿಗೆ ಹೇಳಿದೆ: “ಮೊದಲು ಬೆಲೆಯಿಲ್ಲದ್ದನ್ನು ಒಂದು ತಿಂಗಳು ಬಳಸಿ ನೋಡು. ಕೈಗೆ ಒಗ್ಗದಿದ್ದರೆ ಹಣ ಕೊಡು. ಯಾವುದನ್ನು ಆರಿಸಿದರೂ ಮೂಲಪ್ರತಿ ಎರಡು ಕಡೆ ಇರಲಿ.” ಶ್ರೋತೃಗಳೂ ಇಂದು ರಾತ್ರಿ ತಮ್ಮ ಮನೆಯ ಚಿತ್ರಗಳ ಮೂಲ ಎಲ್ಲಿದೆಯೆಂದು ಒಮ್ಮೆ ನೋಡಿಕೊಳ್ಳುವುದು ಒಳಿತು. ಅಂಚಿನಲ್ಲಿ ನಿಂತವರನ್ನು ಯಾರು ಯಾವಾಗ ಕೇಳಿಕೊಂಡು ಬರುವರೋ ಹೇಳಲಾಗದು.