ಸರಪಳಿಯ ಗಾಡಿ, ಶಾಫ್ಟಿನ ಗಾಡಿ

ಮೂವತ್ತೆರಡು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದ ಮಾಸ್ತರನೊಬ್ಬ ಮೋಟಾರ್ ಸೈಕಲ್ಲಿನ ವಿಷಯವಾಗಿ ಮಾತನಾಡಲು ಕುಳಿತಿದ್ದಾನೆಂದರೆ ಕೇಳುಗರಿಗೆ ಸ್ವಲ್ಪ ವಿಚಿತ್ರವೆನಿಸಬಹುದು. ಇದಕ್ಕೆ ಕಾರಣ ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಬೆಂಗಳೂರಿನಲ್ಲಿ ಒಳ್ಳೆಯ ಕೆಲಸದಲ್ಲಿರುವ ಅವನಿಗೆ ಹಳೆಯ ಗಾಡಿಯೊಂದನ್ನು ಕೊಂಡು ತನ್ನೂರಾದ ಸೇಡಂನಲ್ಲಿ ಇಟ್ಟುಕೊಳ್ಳುವ ಹಂಬಲ ಹುಟ್ಟಿದೆ. ಮೊನ್ನೆ ಮನೆಗೆ ಬಂದವನು, “ಸರ್, ಎರಡು ಗಾಡಿ ನೋಡಿದ್ದೇನೆ. ಒಂದಕ್ಕೆ ಸರಪಳಿ, ಒಂದಕ್ಕೆ ಶಾಫ್ಟು. ಯಾವುದನ್ನು ಕೊಳ್ಳಲಿ?” ಎಂದು ಕೇಳಿದ. ಸಂಧಿಯನ್ನೋ ಸಮಾಸವನ್ನೋ ಕೇಳಿದ್ದರೆ ನಿಂತಲ್ಲೇ ಹೇಳಿಬಿಡುತ್ತಿದ್ದೆ. ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ನನ್ನ ಸೋದರಮಾವನ ವಿಷಯ ಹೇಳಬೇಕು. ಅದನ್ನು ಅಂದು ಅವನಿಗೆ ಹೇಳಲಾಗಲಿಲ್ಲ; ಇಂದು ಹೇಳುತ್ತೇನೆ.

ಮೊದಲು ವಿಷಯದ ಪರಿಚಯ. ಇಂಜಿನ್ನಿನಲ್ಲಿ ಹುಟ್ಟಿದ ಶಕ್ತಿ ಹಿಂದಿನ ಚಕ್ರವನ್ನು ಮುಟ್ಟಬೇಕು. ಸೈಕಲ್ಲಿನಲ್ಲಿ ಇರುವಂತೆ ಎರಡು ಹಲ್ಲುಚಕ್ರಗಳ ಮೇಲೆ ಸರಪಳಿ ಓಡಿಸುವುದು ಒಂದು ದಾರಿ. ಇಂದು ನಾವು ಕಾಣುವ ಉರುಳೆಯ ಸರಪಳಿಯನ್ನು ಮ್ಯಾಂಚೆಸ್ಟರಿನಲ್ಲಿ ಹ್ಯಾನ್ಸ್ ರೆನಾಲ್ಡ್ ರೂಪಿಸಿದ್ದು 1880ರಲ್ಲಿ. ಇನ್ನೊಂದು ದಾರಿ, ಜೀಪಿನ ಹೊಟ್ಟೆಯಡಿ ಇರುವಂಥ ಉಕ್ಕಿನ ದಂಡವನ್ನು ಗೇರ್‌ಪೆಟ್ಟಿಗೆಯಿಂದ ಹಿಂದಿನ ಚಕ್ರದವರೆಗೆ ಎಳೆದು, ತುದಿಯಲ್ಲಿ ಓರೆಹಲ್ಲಿನ ಎರಡು ಚಕ್ರಗಳಿಂದ ಅದರ ತಿರುಗಾಟವನ್ನು ಅಡ್ಡಕ್ಕೆ ತಿರುಗಿಸುವುದು. ಇದೇ ಶಾಫ್ಟು. ಜರ್ಮನಿಯ ಬಿ.ಎಂ.ಡಬ್ಲ್ಯೂ. 1923ರಲ್ಲಿ ಹೊರತಂದ ತನ್ನ ಮೊದಲನೆಯ ಮೋಟಾರ್ ಸೈಕಲ್ಲಿಗೇ ಶಾಫ್ಟನ್ನು ಇಟ್ಟಿತು. ತನ್ನ ಎದುರುಬದುರು ಸಿಲಿಂಡರಿನ ಗಾಡಿಗಳಲ್ಲಿ ಆ ಪದ್ಧತಿಯನ್ನು ಇಂದಿಗೂ ಬಿಟ್ಟಿಲ್ಲ. ಅಲ್ಲಿ ಇಂಜಿನ್ನಿನ ಮುಖ್ಯ ಅಚ್ಚು ಗಾಡಿಯ ಉದ್ದಕ್ಕೇ ಮಲಗಿರುತ್ತದೆಯಾದ್ದರಿಂದ ಶಕ್ತಿ ಒಮ್ಮೆ ಮಾತ್ರ ಮೂಲೆ ತಿರುಗಿದರೆ ಸಾಕು. ಅಚ್ಚು ಅಡ್ಡಲಾಗಿರುವ ಗಾಡಿಗಳಿಗೆ ಶಾಫ್ಟು ಇಟ್ಟರೆ ಎರಡು ಸಲ ತಿರುಗಬೇಕು. ಪ್ರತಿ ತಿರುವಿಗೂ ಸ್ವಲ್ಪ ಶಕ್ತಿಯ ಸುಂಕ ಕೊಡಬೇಕು.

ಪುಸ್ತಕದ ಮಾತು ಇಷ್ಟೇ. ಆದರೆ ಗಾಡಿ ಪುಸ್ತಕದಲ್ಲಿ ಓಡುವುದಿಲ್ಲ, ನೆಲದ ಮೇಲೆ ಓಡುತ್ತದೆ. ನಮ್ಮ ನೆಲ ಎಂಥದು? ಶಹಾಬಾದಿನಲ್ಲಿ ಹಾಸುಗಲ್ಲಿನ ಗಣಿಗಳು. ನಾಡಿನ ಎಷ್ಟೋ ಮನೆಗಳ ನೆಲಕ್ಕೆ ಹಾಸಿರುವ ಆ ನಯವಾದ ಸುಣ್ಣಗಲ್ಲನ್ನು ಪದರಪದರವಾಗಿ ಬಿಡಿಸುವಾಗ ಏಳುವ ಧೂಳು ಬಿಳಿ ಹಿಟ್ಟಿನಂತಿರುತ್ತದೆ. ವಾಡಿಯಲ್ಲಿ 1968ರಲ್ಲಿ ಸಿಮೆಂಟ್ ಕಾರ್ಖಾನೆ ಶುರುವಾಯಿತು. ಆಮೇಲೆ ಮಳಖೇಡ, ಸೇಡಂಗಳಲ್ಲೂ ಕಾರ್ಖಾನೆಗಳು ಎದ್ದವು. ಚಿತ್ತಾಪುರದ ಸುತ್ತ ತೊಗರಿ ಬೆಳೆಯುವ ಎರೆಭೂಮಿ. ಚಿಂಚೋಳಿಗೆ ಹೋದರೆ ಕಾಡು, ಗುಡ್ಡ, ಕೆಂಪು ಜಂಬಿಟ್ಟಿಗೆಯ ಮಣ್ಣು. ಒಂದೇ ದಿನದ ಪ್ರಯಾಣದಲ್ಲಿ ಗಾಡಿಗೆ ಬಿಳಿ, ಬೂದು, ಕಪ್ಪು, ಕೆಂಪು ನಾಲ್ಕು ಬಣ್ಣದ ಧೂಳೂ ಮೆತ್ತಿಕೊಳ್ಳುತ್ತದೆ.

ಈ ಧೂಳು ಸರಪಳಿಯ ಶತ್ರು. ಸುಣ್ಣಗಲ್ಲಿನ ಪುಡಿ ಉಕ್ಕಿಗಿಂತ ಮೆದುವೇ. ಅದು ಮಾಡುವ ಅಪಕಾರ ಬೇರೆ: ಸರಪಳಿಗೆ ಹಾಕಿದ ಎಣ್ಣೆಯನ್ನು ಹೀರಿ ಕುಡಿದು ಕೀಲುಗಳನ್ನು ಒಣಗಿಸಿಬಿಡುತ್ತದೆ. ಅದರೊಡನೆ ಮರಳಿನ ಕಣ ಬೆರೆತರೆ ಅದೇ ಸಾಣೆಯ ಪುಡಿ. ನಮ್ಮ ಹುಡುಗರು ಸರಪಳಿಯ ಹೊರಮೈಗೆ ಗಟ್ಟಿ ಗ್ರೀಸನ್ನು ಬೆಣ್ಣೆಯಂತೆ ಮೆತ್ತುವುದನ್ನು ಈಗಲೂ ನೋಡುತ್ತೇನೆ. ಆ ಗ್ರೀಸು ಕೀಲಿನ ಒಳಗೆ ಇಳಿಯುವುದಿಲ್ಲ. ಹೊರಗೆ ಕುಳಿತು ದಾರಿಯ ಧೂಳನ್ನೆಲ್ಲ ಕರೆದು ಕೂಡಿಸಿಕೊಳ್ಳುತ್ತದೆ. ಸರಪಳಿ ಜಗ್ಗಿತು ಎಂಬುದು ವಾಡಿಕೆಯ ಮಾತು. ನಿಜವಾಗಿ ಉಕ್ಕಿನ ಪಟ್ಟಿ ಜಗ್ಗುವುದಿಲ್ಲ, ಕೀಲು ಸವೆಯುತ್ತದೆ. ನೂರು ಕೊಂಡಿಗಳಲ್ಲಿ ಒಂದೊಂದೂ ಮಿಲಿಮೀಟರಿನ ಹತ್ತನೆಯ ಒಂದು ಪಾಲು ಸವೆದರೆ ಇಡೀ ಸರಪಳಿ 10 ಮಿಲಿಮೀಟರ್ ಉದ್ದವಾಗುತ್ತದೆ. ಆಗ ಅದು ಹಲ್ಲುಚಕ್ರದ ಹಲ್ಲುಗಳನ್ನೂ ಕೊಕ್ಕೆಯಂತೆ ಬಾಗಿಸಿ ತಿನ್ನತೊಡಗುತ್ತದೆ.

ಹಾಗಾದರೆ ಸರಪಳಿಯೇ ಕೆಟ್ಟದ್ದೆ? ಅಲ್ಲವೆನ್ನುವುದಕ್ಕೆ ನಮ್ಮ ಕಣ್ಣೆದುರಿನಲ್ಲೇ ಸಾಕ್ಷಿಗಳಿದ್ದವು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರ ಸುಮಾರಿಗೆ ಬರತೊಡಗಿದ ಜಾವಾ ಗಾಡಿಗಳ ಸರಪಳಿಯನ್ನು ತಗಡಿನ ಪೆಟ್ಟಿಗೆಯೊಳಗೆ ಪೂರ್ತಿಯಾಗಿ ಮುಚ್ಚಿರುತ್ತಿದ್ದರು. 1955ರಿಂದ ಮದರಾಸಿನಲ್ಲಿ ತಯಾರಾಗತೊಡಗಿದ ಬುಲೆಟ್ಟಿನಲ್ಲಿ ಇಂಜಿನ್ನಿನಿಂದ ಗೇರಿಗೆ ಹೋಗುವ ಮೊದಲ ಸರಪಳಿ ಎಣ್ಣೆಯಲ್ಲಿ ಮುಳುಗಿರುತ್ತಿತ್ತು. ಚಕ್ರಕ್ಕೆ ಹೋಗುವ ಎರಡನೆಯದು ಮಾತ್ರ ಗಾಳಿಗೆ ತೆರೆದುಕೊಂಡಿರುತ್ತಿತ್ತು. ಒಂದೇ ಗಾಡಿಯ ಎರಡು ಸರಪಳಿಗಳಲ್ಲಿ ಒಂದು ವರ್ಷಗಟ್ಟಲೆ ಬಾಳುವುದು, ಇನ್ನೊಂದು ಬೇಗನೆ ಸವೆಯುವುದು! ಮೋಟಾರ್ ಸೈಕಲ್ ಅಲ್ಲದಿದ್ದರೂ ಲ್ಯಾಂಬ್ರೆಟ್ಟಾ ಸ್ಕೂಟರಿನ ಕಥೆಯನ್ನು ಇಲ್ಲಿ ಹೇಳಲೇಬೇಕು. ಇಟಲಿಯ ಇನ್ನೊಸೆಂಟಿ ಕಂಪನಿ ಮೊದಲ ಹತ್ತು ವರ್ಷ ಲ್ಯಾಂಬ್ರೆಟ್ಟಾಗಳನ್ನು ಶಾಫ್ಟಿನಿಂದಲೇ ಓಡಿಸಿತು. 1957-58ರಲ್ಲಿ ಹೊಸ ಮಾದರಿಗಳನ್ನು ಹೊರತರುವಾಗ ಶಾಫ್ಟನ್ನು ಬಿಟ್ಟು, ಅಲ್ಯೂಮಿನಿಯಮ್ ಪೆಟ್ಟಿಗೆಯೊಳಗೆ ಎಣ್ಣೆಯಲ್ಲಿ ಓಡುವ ಜೋಡಿ ಸರಪಳಿಗೆ ಬಂತು. ಸರಪಳಿಯಿಂದ ಶಾಫ್ಟಿಗೆ ಏರುವುದೇ ಪ್ರಗತಿ ಎಂದು ತಿಳಿದವರಿಗೆ ಈ ಹಿಮ್ಮುಖ ನಡೆ ಅರ್ಥವಾಗಲಿಕ್ಕಿಲ್ಲ. ದೋಷವಿದ್ದದ್ದು ಸರಪಳಿಯಲ್ಲಲ್ಲ, ಅದನ್ನು ಬೀದಿಗೆ ಬಿಟ್ಟದ್ದರಲ್ಲಿ.

ಇನ್ನು ನನ್ನ ಮಾವನ ವಿಷಯ. ಅವರು ಶಹಾಬಾದಿನಲ್ಲಿದ್ದರು. ಎಪ್ಪತ್ತರ ಸುಮಾರಿಗೆ, ಯಂತ್ರಗಳನ್ನು ಜೋಡಿಸಲು ನಮ್ಮ ಕಡೆಗೆ ಬಂದಿದ್ದ ಪರದೇಶದ ತಂತ್ರಜ್ಞನೊಬ್ಬ ಊರಿಗೆ ಹಿಂದಿರುಗುವಾಗ ತನ್ನ ಶಾಫ್ಟಿನ ಗಾಡಿಯನ್ನು ಅವರಿಗೆ ಮಾರಿ ಹೋದ. ಗಾಡಿಯ ಹೆಸರು ಬೇಡ. ಮುಂದೆ ನಡೆದದ್ದರಲ್ಲಿ ತಪ್ಪು ಅದರದ್ದಲ್ಲ. ಮಾವ ಬಿಳಿಯ ಪಾಯಜಾಮ ತೊಟ್ಟು ಅದರ ಮೇಲೆ ಕುಳಿತು ಶಹಾಬಾದಿನಿಂದ ಚಿಂಚೋಳಿಯವರೆಗೆ ತಂಗಿಯನ್ನು, ಎಂದರೆ ನನ್ನ ತಾಯಿಯನ್ನು, ನೋಡಲು ಬರುತ್ತಿದ್ದರು. ಪಾಯಜಾಮದ ಅಂಚಿಗೆ ಒಂದು ಎಣ್ಣೆಯ ಕಲೆ ಇರುತ್ತಿರಲಿಲ್ಲ. ಸರಪಳಿಯ ಗಡಗಡ ಸದ್ದೂ ಇಲ್ಲ. ಹಿಂದೆ ಕುಳಿತ ಅತ್ತೆಯ ಸೆರಗು ಸರಪಳಿಗೆ ಸಿಕ್ಕೀತೆಂಬ ಭಯವಿಲ್ಲ. ನಮ್ಮ ದೇಶದಲ್ಲಿ ಸೀರೆಯನ್ನು ಚಕ್ರದಿಂದ ಕಾಯುವ ಜಾಲರಿಯನ್ನು 1989ರ ಮೋಟಾರು ವಾಹನ ನಿಯಮಗಳು ಕಡ್ಡಾಯ ಮಾಡಿದವು ಎಂಬುದನ್ನು ನೆನೆದರೆ ಅದು ಸಣ್ಣ ಭಯವಲ್ಲ. “ಶಾಫ್ಟಿಗೆ ಏನೂ ಬೇಡಪ್ಪ” ಎಂದು ಮಾವ ಹೇಳುತ್ತಿದ್ದರು. ಗೇರ್‌ಪೆಟ್ಟಿಗೆಯ ಬಾಯಲ್ಲಿ ಶಾಫ್ಟನ್ನು ಹಿಡಿದಿರುವ ರಬ್ಬರಿನ ಬಿಲ್ಲೆಯೊಂದು ನಮ್ಮ ಬೇಸಗೆಗೆ ಒಣಗಿ ಸೀಳಿದಾಗ, ಗುಜರಿಯಲ್ಲಿ ಸಿಕ್ಕ ಕಲ್ಲು ಸಾಗಿಸುವ ಪಟ್ಟೆಯ ತುಂಡಿನಿಂದ ಅಂಥದೇ ಬಿಲ್ಲೆಯನ್ನು ಕತ್ತರಿಸಿ ಕೂಡಿಸಿಕೊಂಡಿದ್ದರು. ಅದು ಮೂಲದ್ದಕ್ಕಿಂತ ಹೆಚ್ಚು ದಿನ ಬಾಳಿತು.

ಮಾವ 1982ರಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ. ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನ ಊರೆಂದು ಹೇಳುವ ಮರತೂರು ಶಹಾಬಾದಿನ ಹತ್ತಿರದಲ್ಲೇ ಇದೆ. ಹಿಂದೂಗಳ ಆಸ್ತಿಯ ಪಾಲನ್ನು ಶತಮಾನಗಳ ಕಾಲ ಆಳಿದ ಗ್ರಂಥ ಅದು. ಆದರೆ ಆ ಗಾಡಿಯನ್ನು ಯಾರಿಗೆ ಕೊಡಬೇಕೆಂಬುದನ್ನು ತೀರ್ಮಾನಿಸಿದವಳು ನನ್ನ ತಾಯಿ. “ಅಣ್ಣನ ಗಾಡಿ ಮಾರಬ್ಯಾಡ್ರಿ, ನನ್ನ ಮಗ ನಡಸ್ತಾನ” ಎಂದಳು. ಅತ್ತೆ ಒಪ್ಪಿದರು. ಹೀಗೆ ಚಿತ್ತಾಪುರದ ನನ್ನ ಬಾಡಿಗೆ ಮನೆಯ ಮುಂದೆ ಎರಡು ಗಾಡಿಗಳು ನಿಂತವು: ತೆರೆದ ಸರಪಳಿಯ ನನ್ನ ಸ್ವದೇಶಿ ಗಾಡಿ ಮತ್ತು ಮಾವನ ಶಾಫ್ಟಿನ ಗಾಡಿ.

1984ರ ಆಗಸ್ಟ್ ತಿಂಗಳು. ಆ ವಾರ ನನ್ನ ಗಾಡಿ ರಿಪೇರಿಗೆ ಹೋಗಿತ್ತು, ಅದೂ ನನ್ನ ಕೈಯಾರೆ. ಸರಪಳಿಯ ಎರಡು ತುದಿಗಳನ್ನು ಕೂಡಿಸುವ ಬೀಗಕೊಂಡಿಯ ಮೇಲೆ ಮೀನಿನಾಕಾರದ ಒಂದು ಪುಟ್ಟ ಕ್ಲಿಪ್ಪು ಇರುತ್ತದೆ. ಅದರ ಮುಚ್ಚಿದ ತಲೆ ಸರಪಳಿ ಓಡುವ ದಿಕ್ಕಿಗೆ ಇರಬೇಕು. ಸೀಳಿದ ಬಾಲ ಹಿಂದಕ್ಕೆ. ನಾನು ತಿರುಗುಮುರುಗು ಹಾಕಿದ್ದೆ. ಮಳಖೇಡದ ಹತ್ತಿರ ಕ್ಲಿಪ್ಪು ಹಾರಿ, ಸರಪಳಿ ಚಾಟಿಯಂತೆ ಸುತ್ತಿ ಗೇರ್‌ಪೆಟ್ಟಿಗೆಯ ಹೊದಿಕೆಯನ್ನು ಒಡೆದಿತ್ತು. ಹಾಗಿರುವಾಗ ಒಂದು ಸಂಜೆ ಬಸ್ಸಿನ ಕಂಡಕ್ಟರರೊಬ್ಬರು ಮನೆಗೆ ಬಂದು, ತಾಯಿಗೆ ಜ್ವರ ಏರಿದೆ, ಮಾತು ನಿಂತಿದೆ, ಕೂಡಲೇ ಹೊರಡಬೇಕಂತೆ ಎಂದು ಚಿಂಚೋಳಿಯಿಂದ ಬಂದ ಸುದ್ದಿಯನ್ನು ಮುಟ್ಟಿಸಿದರು. ಮಾವನ ಗಾಡಿಯನ್ನು ತೆಗೆದೆ. ಏನೂ ಬೇಡದ ಗಾಡಿ ಇದ್ದದ್ದು ಎಷ್ಟು ಒಳ್ಳೆಯದಾಯಿತು ಎಂದುಕೊಂಡೇ ತೆಗೆದೆ.

ಮಳೆ ಸುರಿಯುತ್ತಿತ್ತು. ಸೇಡಂ ದಾಟುವವರೆಗೆ ಗಾಡಿ ದೋಣಿಯಂತೆ ಹೋಯಿತು. ಆ ಕೆಸರಿನಲ್ಲಿ ನನ್ನ ಸರಪಳಿ ಇದ್ದಿದ್ದರೆ ಎಷ್ಟು ನರಳುತ್ತಿತ್ತೋ ಎಂದು ಯೋಚಿಸಿದ್ದೂ ನೆನಪಿದೆ. ಚಿಂಚೋಳಿ ಇನ್ನೂ ಒಂದು ಗಂಟೆಯ ದಾರಿ ಇದ್ದಾಗ, ಒಂದು ಏರಿನ ನಡುವೆ, ಇಂಜಿನ್ ಒಮ್ಮೆಲೆ ಜೋರಾಗಿ ಕೂಗಿತು, ಗಾಡಿ ನಿಂತಿತು. ಗೇರು ಬೀಳುತ್ತದೆ, ಕ್ಲಚ್ಚು ಹಿಡಿಯುತ್ತದೆ, ಶಾಫ್ಟು ಸುತ್ತುತ್ತದೆ, ಚಕ್ರ ಮಾತ್ರ ಅಲುಗುವುದಿಲ್ಲ. ಬಡಿದ ಸದ್ದಿಲ್ಲ, ಮುರಿದ ತುಂಡಿಲ್ಲ, ಕೈಯಿಂದ ಮುಟ್ಟಿ ಇಲ್ಲಿ ಕೆಟ್ಟಿದೆ ಎನ್ನಲು ಏನೂ ಇಲ್ಲ. ಸರಪಳಿ ಕಡಿದಿದ್ದರೆ ಚೀಲದಲ್ಲಿ ಒಂದು ಹೆಚ್ಚಿನ ಕೊಂಡಿ ಇರುತ್ತಿತ್ತು, ಬ್ಯಾಟರಿಯ ಬೆಳಕಿನಲ್ಲಿ ಅರ್ಧ ಗಂಟೆಯ ಕೆಲಸ. ಆ ಕತ್ತಲಿನಲ್ಲಿ ಮಳೆಯಲ್ಲಿ ನಿಂತಿದ್ದಾಗಿನ ಅಸಹಾಯಕತೆಯನ್ನು ನಾನು ಇಂದಿಗೂ ಮರೆತಿಲ್ಲ. ಹತ್ತಿರದ ತಾಂಡಾದ ಜನ ಬಂದು ಗಾಡಿಯನ್ನು ತಳ್ಳಿಕೊಂಡು ಹೋಗಿ ತಮ್ಮ ಚಪ್ಪರದಡಿ ಇಟ್ಟರು. ನಸುಕಿನಲ್ಲಿ ಸಿಕ್ಕ ಒಂದು ಲಾರಿಯನ್ನು ಹತ್ತಿ ಚಿಂಚೋಳಿ ಸೇರಿದೆ.

ತಾಯಿಗೆ ಬೆಳಗಿನ ಜಾವ ಜ್ವರ ಇಳಿದು ಎಚ್ಚರವಾಗಿತ್ತು. ಒದ್ದೆಬಟ್ಟೆಯಲ್ಲಿ ನಿಂತ ನನ್ನನ್ನು ನೋಡಿ ಆಕೆ ಆಡಿದ ಮೊದಲ ಮಾತು, “ಅಣ್ಣನ ಗಾಡಿ ಎಲ್ಲಿ ಬಿಟ್ಟಿ?” ಎಂಬುದು. ಬಾಗಿಲಲ್ಲಿದೆ ಎಂದು ಸುಳ್ಳು ಹೇಳಿದೆ. ಒಂಬತ್ತನೆಯ ದಿನ ಆಕೆ ತೀರಿಕೊಂಡಳು.

ಕರ್ಮಗಳೆಲ್ಲ ಮುಗಿದ ಮೇಲೆ ಗಾಡಿಯನ್ನು ಸೇಡಂಗೆ ಸಾಗಿಸಿದೆ. ತಾಂಡಾದವರು ಅದಕ್ಕೆ ತಾಡಪತ್ರಿ ಹೊದಿಸಿ ಇಟ್ಟಿದ್ದರು. ಹಣ ಕೊಡಹೋದರೆ ಮುಟ್ಟಲಿಲ್ಲ. ಸೇಡಂನ ಉಸ್ತಾದರು ಹಿಂದಿನ ಚಕ್ರ ಬಿಚ್ಚಿ ತೋರಿಸಿದರು. ಓರೆಹಲ್ಲಿನ ಪೆಟ್ಟಿಗೆಯೂ ಚಕ್ರದ ಗುಂಬವೂ ಒಂದರೊಳಗೊಂದು ಕೂಡುವಲ್ಲಿ ಸುತ್ತಲೂ ಹಲ್ಲುಗಳಿರುತ್ತವೆ. ಗುಂಬದ ಒಳಗಿನ ಹಲ್ಲುಗಳು ಪೂರ್ತಿ ಸವೆದು ಬಳೆಯಂತೆ ನುಣ್ಣಗಾಗಿದ್ದವು. ಗ್ರೀಸಿನ ಸುಳಿವಿಲ್ಲ, ತುಕ್ಕಿನ ಕೆಂಪು ಪುಡಿ ಉದುರಿತು. ಉಸ್ತಾದರು ಹೇಳಿದ್ದು: “ಮಾಸ್ತರ್ರ, ಚೈನು ಒದರತದ. ಒದರಿ ಒದರಿ ಹೇಳತದ. ಶಾಫ್ಟು ಮಾತಾಡಂಗಿಲ್ಲ.”

ಈ ಸಂಗತಿಯನ್ನು ಅತ್ತೆಯ ಮುಂದೆ ಹೇಳಿದಾಗ ಅವರು ಸುಮ್ಮನೆ ಕೇಳಿ, “ಅವರು ಪ್ರತಿ ಆಯುಧಪೂಜೆಗೆ ಹಿಂದಿನ ಗಾಲಿ ಬಿಚ್ಚಿ ಒಳಗೆ ಏನೋ ಕರ್ರನೆಯದು ಹಚ್ಚತಿದ್ರು. ಪೂಜೆಗೇ ಅಂತ ನಾ ತಿಳದಿದ್ದೆ” ಎಂದರು. ಏನೂ ಬೇಡ ಎನ್ನುತ್ತಿದ್ದ ಮಾವ ಹೇಳದೆ ಮಾಡುತ್ತಿದ್ದ ಕೆಲಸ ಅದು. ನಾನು ಅವರ ಮಾತನ್ನು ಮಾತ್ರ ಪಡೆದುಕೊಂಡಿದ್ದೆ.

ಬಿಡಿಭಾಗ ಸಿಗುವ ಮಾತೇ ಇರಲಿಲ್ಲ. ಆದರೆ ಶಹಾಬಾದ್ ಸಾಮಾನ್ಯ ಊರಲ್ಲ. ಅಲ್ಲಿ ಹಳೆಯ ಸಿಮೆಂಟ್ ಕಾರ್ಖಾನೆಯಿತ್ತು. ಬಾಯ್ಲರು ಮುಂತಾದ ಭಾರಿ ಯಂತ್ರಗಳನ್ನು ಕಟ್ಟುವ ಎ.ಸಿ.ಸಿ.-ವಿಕರ್ಸ್-ಬ್ಯಾಬ್‌ಕಾಕ್ ಇತ್ತು. ಅಂಥ ಕಡೆ ಕೈ ಪಳಗಿದವರೊಬ್ಬರು ನಿವೃತ್ತರಾಗಿ ಸಣ್ಣದೊಂದು ಲೇತ್ ಇಟ್ಟುಕೊಂಡಿದ್ದರು. ಸವೆದ ಭಾಗವನ್ನು ಕಡೆದು ತೆಗೆದು, ಹೊಸ ಉಕ್ಕಿನ ಬಳೆ ಕೂರಿಸಿ, ಅದರಲ್ಲಿ ಹಲ್ಲು ಕೊರೆದು ಕೊಟ್ಟರು. ನಾಲ್ಕು ತಿಂಗಳು ಹಿಡಿಯಿತು. ನನ್ನ ಸರಪಳಿಯ ಗಾಡಿಗೆ ಬೇಕಾದ ಸರಪಳಿ, ಎರಡು ಹಲ್ಲುಚಕ್ರ, ಹೊದಿಕೆ ಎಲ್ಲ ಕಲಬುರಗಿಯಿಂದ ಎರಡು ದಿನದಲ್ಲಿ ಬಂದಿದ್ದವು. ಇದನ್ನು ನನ್ನ ವಿದ್ಯಾರ್ಥಿ ಲೆಕ್ಕಕ್ಕೆ ಹಿಡಿಯಬೇಕು.

ಆದ್ದರಿಂದ ಅವನಿಗೆ ನನ್ನ ಉತ್ತರ ಹೀಗೆ. ಹೊಸ ಗಾಡಿಯಾದರೆ ಮಾತೇ ಬೇರೆ. ಹಳೆಯದನ್ನು ಕೊಳ್ಳುವವನು ಯಂತ್ರವನ್ನಷ್ಟೇ ಕೊಳ್ಳುವುದಿಲ್ಲ, ಹಿಂದಿನ ಒಡೆಯನ ಅಶ್ರದ್ಧೆಯನ್ನೂ ಕೊಳ್ಳುತ್ತಾನೆ. ಸರಪಳಿಯ ಗಾಡಿಯಲ್ಲಿ ಅದು ಎದುರಿಗೇ ಕಾಣುತ್ತದೆ: ಹಿಂದಿನ ಹಲ್ಲುಚಕ್ರದ ಹಿಂಬದಿಯಲ್ಲಿ ಸರಪಳಿಯನ್ನು ಬೆರಳಿನಿಂದ ಹಿಂದಕ್ಕೆ ಎಳೆದು ನೋಡಲಿ, ಹಲ್ಲು ಅರ್ಧದಷ್ಟು ಬಯಲಾದರೆ ಸರಪಳಿ ಮುಗಿಯಿತು. ಬದಲಿಸುವಾಗ ಎರಡೂ ಹಲ್ಲುಚಕ್ರಗಳನ್ನು ಕೂಡಿಯೇ ಬದಲಿಸಲಿ. ಭಾರ ಹೊರಬೇಕಾದರೆ ಹಿಂದೆ ಎರಡು ಹಲ್ಲು ಹೆಚ್ಚಿರುವ ಚಕ್ರ ಹಾಕಿಕೊಳ್ಳುವ ಸ್ವಾತಂತ್ರ್ಯವೂ ಇದೆ. ಶಾಫ್ಟಿನಲ್ಲಿ ಅದು ಅಷ್ಟು ಸುಲಭವಲ್ಲ. ಶಾಫ್ಟಿನ ಗಾಡಿಯ ಮೇಲೇ ಮನಸ್ಸಾದರೆ, ಬೆಲೆ ಮಾತಾಡುವ ಮೊದಲು ಮೂರು ಕೆಲಸ ಮಾಡಲಿ. ಗೇರಿನಲ್ಲಿಟ್ಟು ಹಿಂದಿನ ಚಕ್ರವನ್ನು ಹಿಂದೆ ಮುಂದೆ ಅಲ್ಲಾಡಿಸಿ ಎಷ್ಟು ಸಡಿಲವಿದೆ ನೋಡಲಿ. ಹಿಂದಿನ ಪೆಟ್ಟಿಗೆಯ ಎಣ್ಣೆಯನ್ನು ಬಿಳಿಯ ಬಟ್ಟೆಯ ಮೇಲೆ ಸುರಿದು ಉಕ್ಕಿನ ಚೂರುಗಳಿವೆಯೇ ನೋಡಲಿ. ಚಕ್ರ ಬಿಚ್ಚಿಸಿ ಹಲ್ಲು ನೋಡಲಿ. ಮಾರುವವನು ಬಿಚ್ಚಲು ಒಪ್ಪದಿದ್ದರೆ ಚಹ ಕುಡಿದು ಎದ್ದು ಬರಲಿ. ಸೇಡಂನಲ್ಲಿ ಇಟ್ಟುಕೊಂಡು ದಿನವೂ ಓಡಿಸುವುದಾದರೆ, ಸರಪಳಿಯನ್ನು ಪೂರ್ತಿ ಮುಚ್ಚಿರುವ ಹಳೆಯ ಗಾಡಿಯೇ ನನ್ನ ಆಯ್ಕೆ.

ನಾನೂ ಹಾಗೆಯೇ ಮಾಡಿದೆ. ದಿನದ ಓಡಾಟಕ್ಕೆ ಸರಪಳಿಯ ಗಾಡಿಯನ್ನೇ ಉಳಿಸಿಕೊಂಡೆ. ಮಾವನ ಗಾಡಿಯನ್ನು ಮಾರಲಿಲ್ಲ. ವರ್ಷಕ್ಕೊಮ್ಮೆ, ಆಯುಧಪೂಜೆಯ ಹಿಂದಿನ ದಿನ, ಹಿಂದಿನ ಚಕ್ರವನ್ನು ಬಿಚ್ಚಿ ಆ ಬಳೆಯ ಹಲ್ಲುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಕಪ್ಪು ಗ್ರೀಸು ಹಚ್ಚುತ್ತೇನೆ. ಈಗ ಬಗ್ಗಲು ಮೊಣಕಾಲು ಕೇಳುವುದಿಲ್ಲ. ಹೋದ ವರ್ಷ ಮೊಮ್ಮಗಳು ಹಚ್ಚಿದಳು. ಏಕೆ ಹಚ್ಚುವುದೆಂದು ಕೇಳಿದಳು. ಅವಳಿಗೆ ಈ ಕಥೆಯನ್ನೆಲ್ಲ ಹೇಳಿದೆ.