ತಾಳ ತಪ್ಪಿದ ನಾಡಿ



ದತ್ತಿ ಉಪನ್ಯಾಸವೆಂದರೆ ಸಾಹಿತ್ಯವೋ ಇತಿಹಾಸವೋ ಇರುತ್ತದೆ ಎಂದುಕೊಂಡು ಬಂದವರಿದ್ದೀರಿ. ಮಳವಳ್ಳಿ ಸೀಮೆಯ ಶಾಲೆಗಳಲ್ಲಿ 31 ವರ್ಷ ವಿಜ್ಞಾನ ಹೇಳಿಕೊಟ್ಟ ನಾನು ಇವತ್ತು ನನ್ನ ನಾಡಿಯ ಮಾತು ಆಡಲು ನಿಂತಿದ್ದೇನೆ. ದಯವಿಟ್ಟು ಎಲ್ಲರೂ ಎಡಗೈ ಚಾಚಿ. ಹೆಬ್ಬೆರಳಿನ ಬುಡದಿಂದ ತುಸು ಕೆಳಗೆ, ಮಣಿಕಟ್ಟಿನ ಮೇಲೆ ಬಲಗೈಯ ಮೂರು ಬೆರಳಿಟ್ಟು ಒಂದು ನಿಮಿಷ ಎಣಿಸಿ.

ಬಹುಪಾಲು ಜನರಿಗೆ ಒಂದೇ ಲಯ ಸಿಕ್ಕಿರುತ್ತದೆ. ನನ್ನದು ಹಾಗಲ್ಲ. ಎರಡು ಬೇಗ, ಒಂದು ತಡ, ಒಂದು ಇಲ್ಲವೇ ಇಲ್ಲ, ಮತ್ತೆ ಮೂರು ಒಟ್ಟೊಟ್ಟಿಗೆ. ವೈದ್ಯರು ಇದನ್ನು ಏಟ್ರಿಯಲ್ ಫಿಬ್ರಿಲೇಷನ್ ಎನ್ನುತ್ತಾರೆ. ಹೃದಯದ ಮೇಲಿನ ಎರಡು ಕೋಣೆಗಳು ಸರಿಯಾಗಿ ಹಿಂಡದೆ ನಿಮಿಷಕ್ಕೆ 350ಕ್ಕೂ ಹೆಚ್ಚು ಸಲ ಬರಿದೆ ಅದುರುತ್ತವೆ. ಮುಂದಿನದನ್ನು ವಿಶ್ವೇಶ್ವರಯ್ಯ ನಾಲೆಯ ನೀರು ಕಂಡವರಿಗೆ ವಿವರಿಸಬೇಕಿಲ್ಲ. ಹರಿಯುವ ನೀರು ತಿಳಿಯಾಗಿರುತ್ತದೆ, ಮೂಲೆಯಲ್ಲಿ ನಿಂತದ್ದು ಪಾಚಿ ಕಟ್ಟುತ್ತದೆ. ಎಡ ಮೇಲ್ಕೋಣೆಗೆ ಅಂಟಿದ ಪುಟ್ಟ ಚೀಲದಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಕಳಚಿಕೊಂಡು ಮಿದುಳಿಗೆ ಹೋದರೆ ಲಕ್ವ. ಈ ಕಾಯಿಲೆ ಇರುವವರಿಗೆ ಲಕ್ವದ ಅಪಾಯ ಸುಮಾರು 5 ಪಟ್ಟು.

ನಮ್ಮಣ್ಣನಿಗೆ ಇದು ಗೊತ್ತಿರಲಿಲ್ಲ. ವಿಜ್ಞಾನದ ಮೇಡಂ ಆಗಿದ್ದ ನನಗೂ ಗೊತ್ತಿರಲಿಲ್ಲ. "ಎದೆ ಯಾಕೋ ಡವಗುಡ್ತಾ ಅದೆ ಕಣವ್ವ, ಗ್ಯಾಸು" ಎಂದು ಎರಡು ವರ್ಷ ಸೋಡ ಕುಡಿದ. ಒಂದು ಬೆಳಿಗ್ಗೆ ಕಬ್ಬಿಗೆ ನೀರು ಕಟ್ಟುತ್ತಿದ್ದಾಗ ಬಲಗೈಯಿಂದ ಗುದ್ದಲಿ ಜಾರಿತು. ಬಾಯಿ ಸೊಟ್ಟಗಾಯಿತು, ಮಾತು ತೊದಲಿತು. ನಾವು ಎಣ್ಣೆ ತಿಕ್ಕಿದೆವು. ನಾಟಿ ಔಷಧಿ ಕೊಡಿಸಿದೆವು. ನುಂಗಲಾಗದವನ ಬಾಯಿಗೆ ಕಷಾಯ ಹಾಕಿದೆವು. ಅದು ಶ್ವಾಸಕೋಶಕ್ಕೆ ಇಳಿಯಬಹುದೆಂಬ ಅರಿವೂ ನಮಗಿರಲಿಲ್ಲ. ಆಸ್ಪತ್ರೆ ಮುಟ್ಟಿದಾಗ ಸಂಜೆ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವ ಗಡುವು ನಾಲ್ಕೂವರೆ ಗಂಟೆ. ಅಣ್ಣ ಈಗಲೂ ಇದ್ದಾನೆ. ನನ್ನ ಹೆಸರು ಕರೆಯಲು ಅವನಿಗೆ ಬರುವುದಿಲ್ಲ.

ಮರುವರ್ಷ ಬಿಪಿ ನೋಡಿಸಲು ಹೋದಾಗ ನರ್ಸಮ್ಮ ನನ್ನ ಕೈಯನ್ನು ಸ್ವಲ್ಪ ಹೆಚ್ಚೇ ಹೊತ್ತು ಹಿಡಿದುಕೊಂಡರು. ನನಗೆ ಎದೆಬಡಿತ, ಸುಸ್ತು ಏನೂ ಇರಲಿಲ್ಲ. ಇಸಿಜಿಯಲ್ಲಿ ಸಿಕ್ಕಿಬಿತ್ತು. ಬಂದು ಹೋಗುವ ಜಾತಿಯದಾಗಿದ್ದರೆ ಒಂದು ಇಸಿಜಿ ಸರಿಯಾಗಿಯೇ ಬರಬಹುದು. ಅನುಮಾನವಿದ್ದರೆ ಮತ್ತೆ ತೆಗೆಸಬೇಕು. ಬಿಪಿ, ಸಕ್ಕರೆ, ಥೈರಾಯ್ಡ್, ಕುಡಿತ, ವಯಸ್ಸು ಇವೆಲ್ಲ ದಾರಿ ಮಾಡಿಕೊಡುತ್ತವೆ. ನಮ್ಮ ದೇಶದಲ್ಲಿ ಇನ್ನೊಂದಿದೆ: ಚಿಕ್ಕಂದಿನಲ್ಲಿ ಗಂಟಲುನೋವಿನ ಬೆನ್ನಿಗೆ ಬರುವ ಕೀಲುಜ್ವರ. ಅದು ಹೃದಯದ ಕವಾಟವನ್ನು ಕಿರಿದು ಮಾಡಿ, ಹರೆಯದ ಹೆಣ್ಣುಮಕ್ಕಳನ್ನೂ ಈ ಕಾಯಿಲೆಗೆ ದೂಡುತ್ತದೆ.

ರಕ್ತ ಹೆಪ್ಪುಗಟ್ಟದಿರಲು ಕೊಡುವ ಮಾತ್ರೆಯ ಮೇಲೆ ಅಪಪ್ರಚಾರ ಬಹಳ. ನನ್ನ ಪರಿಚಯದ ಒಬ್ಬರು "ಅದು ಇಲಿಪಾಷಾಣವಂತೆ" ಎಂದು ಬಿಟ್ಟೇಬಿಟ್ಟರು. ಆ ಮಾತ್ರೆ, ಅಂದರೆ ವಾರ್ಫರಿನ್, 1948ರಲ್ಲಿ ಇಲಿಗಳಿಗೆಂದೇ ಮಾರುಕಟ್ಟೆಗೆ ಬಂದದ್ದು ನಿಜ. ಕೊಳೆತ ಮೇವು ತಿಂದ ದನಗಳು ರಕ್ತ ಸೋರಿ ಸತ್ತ ಕಾರಣ ಹುಡುಕುತ್ತ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕಾರ್ಲ್ ಪಾಲ್ ಲಿಂಕ್ ಅವರ ತಂಡ ಹಿಡಿದ ಜಾಡು ಅದು. 1954ರಿಂದ ಅದೇ ಮನುಷ್ಯರ ಔಷಧಿ. ಎಲ್ಲವೂ ಅಳತೆಯ ಮಾತು. ಐಎನ್ಆರ್ ಎಂಬ ರಕ್ತಪರೀಕ್ಷೆ ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಬೇಕು.

ಸೊಪ್ಪು ತಿಂದರೆ ಮಾತ್ರೆ ಕೆಲಸ ಮಾಡದು ಎಂದು ಹೆದರಿಸುತ್ತಾರೆ. ಮಂಡ್ಯದ ಮನೆಯಲ್ಲಿ ಮುದ್ದೆ, ಸೊಪ್ಪಿನ ಬಸ್ಸಾರು ಬಿಟ್ಟರೆ ಉಳಿಯುವುದೇನು? ಬಿಡಬೇಕಿಲ್ಲ. ವಾರವಾರವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನಿ, ಆ ಅಳತೆಗೆ ತಕ್ಕಂತೆ ವೈದ್ಯರು ಮಾತ್ರೆ ಹೊಂದಿಸುತ್ತಾರೆ. ಬಿಡಬೇಕಾದದ್ದು ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುವ ಮಾತ್ರೆಯನ್ನು; ಎರಡೂ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗಬಹುದು. ಪದೇ ಪದೇ ರಕ್ತ ಪರೀಕ್ಷಿಸಬೇಕಿಲ್ಲದ ಹೊಸ ಮಾತ್ರೆಗಳೂ ಇವೆ. ಆದರೆ ಕೀಲುಜ್ವರದಿಂದ ಕವಾಟ ತೀರಾ ಕಿರಿದಾದವರಿಗೆ, ಲೋಹದ ಕವಾಟ ಹಾಕಿಸಿಕೊಂಡವರಿಗೆ ಹಳೆಯದೇ ಬೇಕು.

ಯಾವಾಗ ಓಡಬೇಕು? ಬಾಯಿ ಸೊಟ್ಟಗಾದರೆ, ಕೈ ಜೋತುಬಿದ್ದರೆ, ಮಾತು ತೊದಲಿದರೆ ಮೊದಲು ಗಡಿಯಾರ ನೋಡಿ ಹೊತ್ತು ಬರೆದಿಡಿ. ಆಮೇಲೆ 108. ಬಾಯಿಗೆ ನೀರೂ ಬೇಡ. ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಬೇಕು. ನುಂಗುತ್ತಿದ್ದ ಮಾತ್ರೆಯ ಹಾಳೆ ಜೊತೆಗಿರಲಿ, ಚಿಕಿತ್ಸೆ ಅದರ ಮೇಲೆ ನಿಂತಿರುತ್ತದೆ. ಹತ್ತೇ ನಿಮಿಷದಲ್ಲಿ ಸರಿಹೋದರೂ ಹೋಗಿ. ಎದೆನೋವು, ಕೂತಲ್ಲೇ ಉಸಿರುಗಟ್ಟುವುದು, ಕಣ್ಣು ಕತ್ತಲಿಟ್ಟು ಬೀಳುವುದು, ಇವಕ್ಕೂ ಅದೇ 108. ಮಾತ್ರೆ ನುಂಗುವವರು ತಲೆಗೆ ಪೆಟ್ಟು ಮಾಡಿಕೊಂಡರೆ, ಮಲ ಕಪ್ಪಗಾದರೆ, ನೋವಿಲ್ಲದಿದ್ದರೂ ತಡಮಾಡಬಾರದು. ಬರೀ ಎದೆ ಹಾರುತ್ತಿದ್ದು, ಸುಮ್ಮನೆ ಕೂತರೂ ಬಡಿತ 120ರಿಂದ ಇಳಿಯದಿದ್ದರೆ ಅದೇ ದಿನ ವೈದ್ಯರನ್ನು ಕಾಣಬೇಕು, ನಾಳೆಯಲ್ಲ.

ಆಗ ನಾಡಿ ಎಣಿಸಿದಾಗ ತಾಳ ಸಿಗಲಿಲ್ಲ ಎನಿಸಿದವರು ಕೆಲವರಾದರೂ ಇರಬಹುದು. ನಾನು ಇಲ್ಲೇ ಇಳಿದು ಮುಂದಿನ ಸಾಲಿನಲ್ಲಿ ಕೂರುತ್ತೇನೆ. ಬಂದು ಕೈ ಕೊಡಿ, ಇಬ್ಬರೂ ಸೇರಿ ಇನ್ನೊಮ್ಮೆ ಎಣಿಸೋಣ.