ಕಾಲು ಅಲ್ಲಿ, ಬೆರಳು ಇಲ್ಲಿ

ವೇದಿಕೆಯ ಮೇಲಿರುವ ಹಿರಿಯರೇ, ಪ್ರಬಂಧ ಮಂಡಿಸಲು ದೂರದ ಊರುಗಳಿಂದ ಬಂದಿರುವ ಸಂಶೋಧಕ ಮಿತ್ರರೇ, ಹಿಂದಿನ ಸಾಲಿನಲ್ಲಿ ಕೂತು ಫೋನ್ ನೋಡುತ್ತಿರುವ ವಿದ್ಯಾರ್ಥಿಗಳೇ,

ಕೊನೆಯವರನ್ನು ಚುಚ್ಚಲು ಹೇಳಿದ ಮಾತಲ್ಲ. ಇವತ್ತಿನ ವಿಷಯ ಇರುವುದೇ ನಿಮ್ಮ ಕೈಯಲ್ಲಿ. ಹೊರದೇಶಕ್ಕೆ ದುಡಿಯಲು ಹೋದವರು ಅಲ್ಲಿ ಕೂತು ಸಾಮಾಜಿಕ ಜಾಲತಾಣದಲ್ಲಿ ಏನೋ ಬರೆದು, ಆ ನೆಲದವರನ್ನು ನೋಯಿಸಿ, ಕೆಲಸವನ್ನೋ ವೀಸಾವನ್ನೋ ಸ್ವಾತಂತ್ರ್ಯವನ್ನೋ ಕಳೆದುಕೊಳ್ಳುವುದರ ಬಗ್ಗೆ ಎರಡು ದಿನ ಮಾತಾಡಲಿದ್ದೇವೆ. ಅದಕ್ಕೆ ಮಂಗಳೂರನ್ನು ಆರಿಸಿಕೊಂಡದ್ದು ಸರಿಯಾಗಿಯೇ ಇದೆ. ಇಲ್ಲಿಂದ ಭಟ್ಕಳದವರೆಗೆ ರಸ್ತೆ ಬದಿಯ ಮನೆಗಳನ್ನು ನೋಡುತ್ತಾ ಹೋಗಿ. ಯಾವ ತಾರಸಿ ಗಲ್ಫಿನ ದುಡಿಮೆಯದು ಎಂದು ನಮ್ಮ ಕಡೆಯ ಬಸ್ ಕಂಡಕ್ಟರ್ ಕೂಡ ಹೇಳಬಲ್ಲ.

ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯಿಂದ ಶುರುಮಾಡಿ ಅಲ್ಲಿಗೇ ಮುಗಿಸಿಬಿಡಬಹುದಿತ್ತು. ನಿಮಗೂ ಬೇಗ ಕಾಫಿ ಸಿಗುತ್ತಿತ್ತು. ಆದರೆ ಪತ್ರಿಕೆಯ ಡೆಸ್ಕಿನಲ್ಲಿದ್ದ ನನ್ನನ್ನು ಈ ವಿಷಯಕ್ಕೆ ಎಳೆದು ತಂದ ಪ್ರಕರಣದಲ್ಲಿ, ಜೈಲಿಗೆ ಹೋದವರು ಆ ಮಾತನ್ನು ಆಡಿಯೇ ಇರಲಿಲ್ಲ.

ಅವರು ಕುಂದಾಪುರ ಕಡೆಯವರು. ಸೌದಿಯಲ್ಲಿ ಎಸಿ ರಿಪೇರಿ ಕೆಲಸ. 2019ರ ಡಿಸೆಂಬರ್ ನಿಮಗೆ ನೆನಪಿರಬೇಕು. ಪೌರತ್ವದ ಕಾಯ್ದೆ ಸಿಎಎ, ಪೌರತ್ವ ನೋಂದಣಿ ಎನ್‌ಆರ್‌ಸಿ ವಿಚಾರದಲ್ಲಿ ದೇಶವೆಲ್ಲ ಕಾವೇರಿತ್ತು. 19ನೇ ತಾರೀಕು ಇದೇ ಊರಿನಲ್ಲಿ ಗೋಲಿಬಾರ್ ಆಗಿ ಇಬ್ಬರು ಸತ್ತರು. ಆ ದಿನಗಳಲ್ಲಿ ಈ ಮನುಷ್ಯ ಅಲ್ಲಿಂದ ಫೇಸ್‌ಬುಕ್ಕಿನಲ್ಲಿ ಏನೋ ಹಂಚಿಕೊಂಡರು. ಆಕ್ಷೇಪ ಬಂತು. ಕ್ಷಮೆ ಕೇಳಿ ವಿಡಿಯೊ ಮಾಡಿದರು, ಖಾತೆಯನ್ನೇ ಮುಚ್ಚಿದರು. ಅಲ್ಲಿಗೆ ಮುಗಿಯಬೇಕಿತ್ತು. ಅಷ್ಟರಲ್ಲಿ ಅವರದೇ ಹೆಸರು, ಅವರದೇ ಫೋಟೊ ಇಟ್ಟು ಯಾರೋ ಇನ್ನೊಂದು ಖಾತೆ ತೆರೆದು, ಮೆಕ್ಕಾದ ಬಗ್ಗೆ, ಸೌದಿಯ ಯುವರಾಜರ ಬಗ್ಗೆ ಕೆಟ್ಟದಾಗಿ ಬರೆದರು. ಪೊಲೀಸರು ಬಂದು ಕರೆದುಕೊಂಡು ಹೋದದ್ದು ಈ ಎಸಿ ಮೆಕ್ಯಾನಿಕ್ಕನ್ನು. ಪತ್ನಿ ಉಡುಪಿ ಪೊಲೀಸರಿಗೆ ದೂರು ಕೊಟ್ಟರು. ತನಿಖೆ ನಡೆದು, 2020ರ ಅಕ್ಟೋಬರಿನಲ್ಲಿ ನಕಲಿ ಖಾತೆ ತೆರೆದ ಆರೋಪದ ಮೇಲೆ ಇಬ್ಬರು ಸಹೋದರರ ಬಂಧನವಾಯಿತು. ಅವರು ಸೌದಿಯಲ್ಲಿದ್ದವರಲ್ಲ, ಇದೇ ಕರಾವಳಿಯವರು. ಸೌದಿ ಜೈಲಿನಲ್ಲಿದ್ದ ಮೆಕ್ಯಾನಿಕ್ ಬೆಂಗಳೂರಿಗೆ ಬಂದಿಳಿದದ್ದು 2021ರ ಆಗಸ್ಟಿನಲ್ಲಿ. 20 ತಿಂಗಳು.

ಇದೊಂದೇ ಆಗಿದ್ದರೆ ಗ್ರಹಚಾರ ಎಂದು ಬಿಡಬಹುದಿತ್ತು. ಇದೇ ಮಂಗಳೂರಿನ ಇನ್ನೊಬ್ಬರದೂ ಹೆಚ್ಚುಕಡಿಮೆ ಇದೇ ಕಥೆ. ಸೌದಿಯಲ್ಲಿ ವರ್ಷಗಟ್ಟಲೆ ದುಡಿದವರು, ಅದೇ ಸಿಎಎ ವಿಚಾರದಲ್ಲಿ ಪೋಸ್ಟ್ ಹಾಕಿದವರು, ಅವರ ಹೆಸರಿನಲ್ಲೂ ಒಂದು ನಕಲಿ ಖಾತೆ, ಅವರಿಗೂ ಜೈಲು. ಆ ಖಾತೆಯ ವಿವರ ಕೊಡಲು ಫೇಸ್‌ಬುಕ್ ಸಹಕರಿಸುತ್ತಿಲ್ಲ ಎಂಬ ದೂರು ನಮ್ಮ ಹೈಕೋರ್ಟಿನವರೆಗೆ ಹೋಯಿತು. ದೇಶದಲ್ಲಿ ನಿಮ್ಮ ಚಟುವಟಿಕೆಯನ್ನೇ ನಿಲ್ಲಿಸುವ ಆದೇಶ ಮಾಡಬೇಕಾದೀತು ಎಂದು 2023ರ ಜೂನ್‌ನಲ್ಲಿ ನ್ಯಾಯಪೀಠ ಕಂಪನಿಗೆ ಎಚ್ಚರಿಕೆ ಕೊಡಬೇಕಾಯಿತು.

ಎರಡೂ ಕಡೆ ಒಂದು ಅಂಶ ಗಮನಿಸಿ. ಜಗಳ ಸೌದಿಯದ್ದಲ್ಲ, ನಮ್ಮದು. ಊರಿನ ಜಗಳವನ್ನು ಅವರು ಫೋನಿನಲ್ಲಿ ಹೊತ್ತುಕೊಂಡು ಹೋಗಿದ್ದರು, ಊರಿನವರಿಗಾಗಿಯೇ ಬರೆದಿದ್ದರು. ಮನಸ್ಸಿನಲ್ಲಿ ಅವರು ಕೂತದ್ದು ಊರ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ. ಆದರೆ ಕಾಲು ಇದ್ದದ್ದು ಇನ್ನೊಬ್ಬರ ಅಂಗಳದಲ್ಲಿ. ಅನಿವಾಸಿಗಳ ಜಾಲತಾಣದ ಎಡವಟ್ಟುಗಳಲ್ಲಿ ಬಹುಪಾಲು ಈ ಬಗೆಯವು ಎಂಬುದು ನನ್ನ ವಾದ. ಅತಿಥಿ ಆತಿಥೇಯನ ಮುಖಕ್ಕೆ ನೇರವಾಗಿ ಬೈಯುವುದು ಕಡಿಮೆ. ತನ್ನವರ ಜೊತೆ ಮಾತಾಡುತ್ತಿದ್ದೇನೆ ಎಂದುಕೊಂಡು, ಆತಿಥೇಯ ಬಾಗಿಲ ಬಳಿ ನಿಂತಿರುವುದನ್ನು ಮರೆಯುವುದೇ ಹೆಚ್ಚು.

ಸಿಂಗಪುರದ ಉದಾಹರಣೆ ನೋಡಿ. 2012ರಲ್ಲಿ ಸರ್ಕಾರಿ ವಿದ್ಯಾರ್ಥಿವೇತನದಲ್ಲಿ ಓದುತ್ತಿದ್ದ ಚೀನಾದ ಹುಡುಗನೊಬ್ಬ, ಸಿಂಗಪುರದಲ್ಲಿ ಮನುಷ್ಯರಿಗಿಂತ ನಾಯಿಗಳೇ ಜಾಸ್ತಿ ಎನ್ನುವ ಅರ್ಥದಲ್ಲಿ ಬರೆದ. ಬರೆದದ್ದು ಚೀನಾದ ಜಾಲತಾಣವೊಂದರಲ್ಲಿ, ಚೀನೀ ಭಾಷೆಯಲ್ಲಿ. ಸಿಂಗಪುರದಲ್ಲಿ ಚೀನೀ ಓದುವವರು ಲಕ್ಷಗಟ್ಟಲೆ ಇದ್ದಾರೆ ಎನ್ನುವುದು ಆ ಬುದ್ಧಿವಂತನಿಗೆ ಆ ಹೊತ್ತಿಗೆ ಹೊಳೆಯಲಿಲ್ಲ. ವಿಶ್ವವಿದ್ಯಾಲಯ 3,000 ಡಾಲರ್ ದಂಡ ಹಾಕಿ, ಮೂರು ತಿಂಗಳ ಸಮುದಾಯ ಸೇವೆ ಮಾಡಿಸಿತು.

ನಾವು ಕನ್ನಡದಲ್ಲಿ, ತುಳುವಿನಲ್ಲಿ ಬರೆದರೆ ಅಲ್ಲಿನವರಿಗೆ ಏನು ತಿಳಿಯುತ್ತದೆ ಎಂದು ಧೈರ್ಯ ತಾಳುವವರಿದ್ದಾರೆ. ಅವರಿಗೆ ಇನ್ನೊಂದು ಪ್ರಕರಣ. ಬ್ರಿಟನ್ನಿನ ಮಹಿಳೆಯೊಬ್ಬರು 2016ರಲ್ಲಿ ತಮ್ಮ ಮಾಜಿ ಗಂಡನ ಹೊಸ ಹೆಂಡತಿಯನ್ನು ಫೇಸ್‌ಬುಕ್ಕಿನಲ್ಲಿ ಕುದುರೆ ಎಂದು ಕರೆದರು. ಬರೆದದ್ದು ಫಾರ್ಸಿಯಲ್ಲಿ, ಇಂಗ್ಲೆಂಡಿನ ತಮ್ಮ ಮನೆಯಲ್ಲಿ ಕೂತು. ಮೂರು ವರ್ಷದ ನಂತರ, ಆ ಗಂಡ ತೀರಿಕೊಂಡಾಗ ಅಂತ್ಯಕ್ರಿಯೆಗೆಂದು ಮಗಳ ಜೊತೆ ದುಬೈಗೆ ಹೋದರೆ, ವಿಮಾನ ನಿಲ್ದಾಣದಲ್ಲೇ ಬಂಧನ. ಕೊನೆಗೆ 3,000 ದಿರ್ಹಮ್ ದಂಡ ಕಟ್ಟಿ ಹೊರಬಂದರು. ಭಾಷೆ ಪರದೆಯಾಗಲಿಲ್ಲ, ಗಡಿ ಗೋಡೆಯಾಗಲಿಲ್ಲ, ಕಾಲ ಕಳೆದದ್ದೂ ನೆರವಿಗೆ ಬರಲಿಲ್ಲ. ನಮ್ಮ ಕನ್ನಡಕ್ಕಂತೂ ಅನುವಾದಕರನ್ನು ಹೊರಗಿನಿಂದ ಕರೆಸುವ ಅಗತ್ಯವೇ ಇಲ್ಲ. ಸ್ಕ್ರೀನ್‌ಶಾಟ್ ತೆಗೆದು, ಇಂಗ್ಲಿಷಿಗೆ ತಿರುಗಿಸಿ, ಕಂಪನಿಗೂ ಪೊಲೀಸರಿಗೂ ಟ್ಯಾಗ್ ಮಾಡುವವರು ಪಕ್ಕದ ಬಂಕಿನಲ್ಲಿ ಮಲಗಿದವರೇ ಆಗಿರಬಹುದು.

2020ರ ಏಪ್ರಿಲಿನಲ್ಲಿ ಯುಎಇಯಲ್ಲಿ ಆದದ್ದು ಅದೇ. ಕೊರೊನಾ ಹರಡಿದ ದೂರನ್ನು ಒಂದು ಧರ್ಮದವರ ತಲೆಗೆ ಕಟ್ಟುವ ಮಾತುಗಳು ಇಲ್ಲಿ ಹುಟ್ಟಿ ಅಲ್ಲಿನ ಭಾರತೀಯರ ಫೋನುಗಳಲ್ಲಿ ಓಡಾಡಿದವು. ಕೆಲವರು ಫಾರ್ವರ್ಡ್ ಮಾಡಿದರು, ಕೆಲವರು ಸ್ವಂತದ್ದನ್ನೂ ಸೇರಿಸಿದರು. ಹಲವರ ಕೆಲಸ ಹೋಯಿತು. ಅಲ್ಲಿ ಆಗ ಭಾರತೀಯ ರಾಯಭಾರಿಯಾಗಿದ್ದ ಪವನ್ ಕಪೂರ್ ಅವರೇ, ತಾರತಮ್ಯ ನಮ್ಮ ನೈತಿಕತೆಗೂ ಕಾನೂನಿಗೂ ವಿರುದ್ಧ, ಇಲ್ಲಿರುವ ಭಾರತೀಯರು ಇದನ್ನು ಸದಾ ನೆನಪಿಡಬೇಕು ಎಂಬರ್ಥದ ಹೇಳಿಕೆ ಕೊಡಬೇಕಾಯಿತು. 35 ಲಕ್ಷಕ್ಕೂ ಹೆಚ್ಚು ಭಾರತೀಯರು ಅನ್ನ ಕಂಡುಕೊಂಡಿರುವ ದೇಶ ಅದು. ಕೆಲಸ ಕಳೆದುಕೊಂಡ ಆ ಜನರ ಬಗ್ಗೆ ನನಗೆ ಕನಿಕರವಿದೆ, ಆದರೆ ಅವರು ಬರೆದದ್ದರ ಬಗ್ಗೆ ಇಲ್ಲ. ತನ್ನ ಜೊತೆ ಒಂದೇ ಮೇಜಿನಲ್ಲಿ ಉಣ್ಣುವವನ ನಂಬಿಕೆಯನ್ನು ಹೀಗಳೆಯುವುದು ಅಲ್ಲಿ ಕಾನೂನಿನ ಪ್ರಕಾರ ತಪ್ಪು. ಇಲ್ಲಿ, ಶಿಕ್ಷೆ ಆಗದಿದ್ದರೂ, ತಪ್ಪೇ.

ಆಡಿದ ಮಾತು ಇಷ್ಟು ಬೇಗ ಕೈಜಾರದಿದ್ದ ಕಾಲದ ಒಂದು ಕ್ಯಾಸೆಟ್ಟಿನ ಕಥೆ ಇದೆ. ವಯಸ್ಸಾದವರು ಭಾಷಣದ ನಡುವೆ ಇಂಥದ್ದೊಂದು ಹೇಳುತ್ತಾರೆ, ಸಹಿಸಿಕೊಳ್ಳಿ. ನನ್ನ ದೊಡ್ಡಪ್ಪನ ಮಗ ದೋಹಾಕ್ಕೆ ಹೋದದ್ದು ಎಪ್ಪತ್ತರ ದಶಕದ ಕೊನೆಗೆ. ಬರೆಯುವುದಕ್ಕೆ ಅವನಿಗೆ ಉದಾಸೀನ. ಮಾತಾಡಿದ್ದನ್ನು ಟೇಪ್‌ರೆಕಾರ್ಡರಿನಲ್ಲಿ ತುಂಬಿ, ಊರಿಗೆ ಬರುವವರ ಕೈಯಲ್ಲಿ ಕ್ಯಾಸೆಟ್ ಕಳಿಸುತ್ತಿದ್ದ. ಚಾವಡಿಯಲ್ಲಿ ಎಲ್ಲರೂ ಸುತ್ತ ಕೂತು ಕೇಳುವುದು. ಅಮ್ಮನ ಮೊಣಕಾಲು ನೋವು, ಗದ್ದೆಗೆ ಗೊಬ್ಬರ, ತಂಗಿಗೆ ಬಂದ ಸಂಬಂಧ. ಹೀಗೆ ಸಾಗುತ್ತಿದ್ದ ಮಾತು ಅವನ ಅರಬಾಬನ, ಅಂದರೆ ಅಲ್ಲಿನ ಧಣಿಯ, ವಿಷಯಕ್ಕೆ ಬಂದ ಕೂಡಲೇ ಟಕ್ ಎಂದು ಸದ್ದು. ಆಮೇಲೆ ಸ್ವಲ್ಪ ಹೊತ್ತು ಬರೀ ಗಾಳಿಯ ಹಾಗೆ ಸೊಂಯ್ ಎನ್ನುವ ಶಬ್ದ. ಮತ್ತೆ ಟಕ್. ಮತ್ತೆ ಅವನ ಸ್ವರ, ಬೇರೆ ವಿಷಯ. ದೊಡ್ಡಮ್ಮ ಪ್ರತಿ ಸಲ ಕೇಳುವರು, ಅಲ್ಲಿ ಏನು ಹೇಳಿದ್ದನೋ ಎಂದು. ಅವನು ರಜೆಯಲ್ಲಿ ಬಂದಾಗ ನಾನೂ ಕೇಳಿದೆ. ನಕ್ಕು, ಬೈದಿದ್ದೆ ಮಾರಾಯ, ಬೆಳಿಗ್ಗೆ ಎದ್ದು ಕೇಳಿದಾಗ ಬೇಡ ಅನ್ನಿಸಿತು, ಅದರ ಮೇಲೇ ಖಾಲಿ ಓಡಿಸಿಬಿಟ್ಟೆ ಎಂದ.

ಸಿಟ್ಟು ಅವನಿಗೂ ಇತ್ತು. ಆದರೆ ಬೈಗುಳಕ್ಕೂ ಊರಿಗೂ ನಡುವೆ ಒಂದು ರಾತ್ರಿ ಇತ್ತು, ಮತ್ತು ಊರಿಗೆ ಹೋಗುವವರು ಸಿಗುವವರೆಗೆ ಕೆಲವು ವಾರಗಳಿದ್ದವು. ಅಳಿಸುವ ಕೆಲಸ ಕಳಿಸುವ ಮೊದಲೇ ಆಗುತ್ತಿತ್ತು. ಈಗ ಗುರುವಾರ ರಾತ್ರಿ ಪಾಳಿ ಮುಗಿಸಿ, ಎಂಟು ಜನ ಮಲಗುವ ಕೋಣೆಯಲ್ಲಿ ಮೇಲಿನ ಬಂಕಿನಲ್ಲಿ ಫೋನನ್ನು ಮುಖದ ಮೇಲೆ ಹಿಡಿದು ಮಲಗಿದವನಿಗೆ ಆ ರಾತ್ರಿ ಇಲ್ಲ. ಅಳಿಸುವುದು ಕಳಿಸಿದ ಮೇಲೆ.

ಕಾನೂನಿನ ಮಾತು ತುಸು ಹೇಳುತ್ತೇನೆ, ವಿವರ ಮಧ್ಯಾಹ್ನದ ಗೋಷ್ಠಿಯಲ್ಲಿದೆ. ಯುಎಇಯ ಈಗಿನ ಸೈಬರ್ ಕಾನೂನು 2022ರ ಜನವರಿ 2ರಿಂದ ಜಾರಿಯಲ್ಲಿದೆ. ಆನ್‌ಲೈನಿನಲ್ಲಿ ಒಬ್ಬರನ್ನು ಅವಮಾನಿಸಿದರೆ ಎರಡೂವರೆ ಲಕ್ಷದಿಂದ ಐದು ಲಕ್ಷ ದಿರ್ಹಮ್‌ವರೆಗೆ ದಂಡ ಹಾಕಬಹುದು, ಜೈಲಿಗೂ ಕಳಿಸಬಹುದು. ಎಸಿ ಮೆಕ್ಯಾನಿಕ್ಕನ ಸಂಬಳದ ಎದುರು ಈ ಅಂಕಿ ಇಟ್ಟು ನೋಡಿ. ಅಷ್ಟೇ ಅಲ್ಲ, ಗಲ್ಫಿನ ಹಲವೆಡೆ ಕೆಲಸ, ವಾಸದ ಪರವಾನಗಿ, ಎಷ್ಟೋ ಸಲ ಮಲಗುವ ಹಾಸಿಗೆಯೂ ಒಂದೇ ದಾರದಲ್ಲಿ ಪೋಣಿಸಿದವು. ದಾರ ಹಿಡಿದಿರುವವನು ವೀಸಾ ಕೊಡಿಸಿದ ಮಾಲೀಕ, ಅಂದರೆ ಕಫೀಲ. ಕೆಲಸ ಹೋಯಿತೆಂದರೆ ಮೂರೂ ಹೋದಂತೆ.

ಎಲ್ಲರಿಗೂ ಹೀಗೇ ಆಗುತ್ತದೆಯೇ? ಇಲ್ಲ. 2014ರ ಜನವರಿಯಲ್ಲಿ ಸಿಂಗಪುರದಲ್ಲಿದ್ದ ಬ್ರಿಟಿಷ್ ಹಣಕಾಸು ಸಲಹೆಗಾರರೊಬ್ಬರು, ತಮ್ಮ ಪೋರ್ಷೆ ಕಾರು ರಿಪೇರಿಗೆ ಹೋದ ದಿನ ಮೆಟ್ರೊದಲ್ಲಿ ಕೂತ ಮಗನ ಫೋಟೊ ಹಾಕಿ, ಈ ಬಡವರೆಲ್ಲ ಯಾರಪ್ಪಾ ಎಂದು ಮಗನೇ ಕೇಳಿದ ಹಾಗೆ ಬರೆದರು. ಇಡೀ ದೇಶ ರೊಚ್ಚಿಗೆದ್ದಿತು, ಕಾನೂನು ಸಚಿವರೇ ಖಂಡಿಸಿದರು, ಕೆಲಸ ಹೋಯಿತು. ಕುಟುಂಬದ ಜೊತೆ ವಿಮಾನ ಹತ್ತಿ ಆಸ್ಟ್ರೇಲಿಯಾದ ಪರ್ತ್‌ಗೆ ಹೋದರು. ಮರುವರ್ಷ ಅದೇ ಸಿಂಗಪುರದಲ್ಲಿ ಫಿಲಿಪ್ಪೀನ್ಸಿನ ನರ್ಸ್ ಒಬ್ಬರು ಸ್ಥಳೀಯರನ್ನು ಹೀಯಾಳಿಸಿ ಬರೆದರು, ಪೊಲೀಸರಿಗೆ ಸುಳ್ಳೂ ಹೇಳಿದರು. ಅವರಿಗೆ ನಾಲ್ಕು ತಿಂಗಳ ಜೈಲು. ಎರಡು ಪ್ರಕರಣಗಳು ಕಾನೂನಿನ ಕಣ್ಣಿನಲ್ಲಿ ಒಂದೇ ಅಲ್ಲ, ಒಪ್ಪುತ್ತೇನೆ. ಆದರೂ ಮುಂದಿನ ವಿಮಾನ ಯಾರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂಬುದನ್ನು ನಮ್ಮ ಸಂಶೋಧಕರು ಬಿಡದೆ ಕೇಳಬೇಕು.

ಇಷ್ಟು ಹೇಳಿದ ಮೇಲೆ, ಹಾಗಾದರೆ ಬಾಯಿ ಮುಚ್ಚಿಕೊಂಡಿರುವುದೇ ಲೇಸು ಎಂಬ ತೀರ್ಮಾನಕ್ಕೆ ಯಾರಾದರೂ ಬರುತ್ತೀರಾದರೆ ನನ್ನ ವಿರೋಧವಿದೆ. ಕತಾರಿನಲ್ಲಿ ಸೆಕ್ಯುರಿಟಿ ಗಾರ್ಡ್ ಆಗಿದ್ದ ಕೀನ್ಯಾದ ಯುವಕನೊಬ್ಬ ಕೂಲಿಗಾರರ ಕೋಣೆಗಳು ಹೇಗಿವೆ, ಅವರ ಬದುಕು ಹೇಗಿದೆ ಎಂದು ಇಂಟರ್ನೆಟ್ಟಿನಲ್ಲಿ ಬರೆಯುತ್ತಿದ್ದ. 2021ರ ಮೇ ತಿಂಗಳಲ್ಲಿ ಅವನನ್ನು ಹಿಡಿದುಕೊಂಡು ಹೋದರು. ಕೊನೆಗೆ 25,000 ರಿಯಾಲ್ ದಂಡ. ಅವನು ಯಾರ ಧರ್ಮವನ್ನೂ ಹೀಗಳೆದಿರಲಿಲ್ಲ, ಯಾರ ಮುಖದ ಬಗ್ಗೆಯೂ ಆಡಿಕೊಂಡಿರಲಿಲ್ಲ. ಆತಿಥೇಯರಿಗೆ ನೋವಾಯಿತು, ನಿಜ. ಆದರೆ ನೋವು ಮಾಡುವ ಮಾತೆಲ್ಲ ಕೆಟ್ಟ ಮಾತಲ್ಲ. ಬಡವರನ್ನು ಆಡಿಕೊಂಡ ಪೋಸ್ಟನ್ನೂ ಬಡವನೊಬ್ಬ ತನ್ನ ಕಷ್ಟ ಹೇಳಿಕೊಂಡ ಪೋಸ್ಟನ್ನೂ ಒಂದೇ ಬಲೆಯಲ್ಲಿ ಹಿಡಿಯುವ ಕಾನೂನುಗಳಿವೆ. ಈ ಸಂಕಿರಣವೂ ಅವೆರಡನ್ನೂ ಒಂದೇ ಬುಟ್ಟಿಗೆ ಹಾಕಿದರೆ, ಎರಡು ದಿನ ವ್ಯರ್ಥ.

ನಾವೂ ಆತಿಥೇಯರು ಎಂಬುದು ಮರೆಯದಿರಲಿ. ಬೆಂಗಳೂರಿನಲ್ಲಿದ್ದ ಹೊರರಾಜ್ಯದ ಯುವತಿಯೊಬ್ಬರು 2024ರ ಸೆಪ್ಟೆಂಬರಿನಲ್ಲಿ, ಉತ್ತರ ಭಾರತದವರು ಬಿಟ್ಟುಹೋದರೆ ಬೆಂಗಳೂರು ಖಾಲಿಯಾಗುತ್ತದೆ ಎಂದು ರೀಲ್ ಮಾಡಿದಾಗ ನಮಗೆಷ್ಟು ಉರಿದಿತ್ತು! ಕ್ಷಮೆ ಕೇಳಿಸಿಯೇ ಬಿಟ್ಟೆವು. ಆ ಉರಿಯನ್ನು ನೆನಪಿಟ್ಟುಕೊಂಡರೆ ಸಿಂಗಪುರದವರ ಸಿಟ್ಟು ನಮಗೆ ಅರ್ಥವಾಗುತ್ತದೆ. ಜೊತೆಗೆ, ಆಗ ನಮ್ಮವರು ಬರೆದ ಕೆಲವು ಕಮೆಂಟುಗಳನ್ನೂ ನೆನಪಿಸಿಕೊಂಡರೆ ಸ್ವಲ್ಪ ತಲೆ ತಗ್ಗಿಸಬೇಕಾಗುತ್ತದೆ.

ಕೊನೆಗೆ ಒಂದು ಬೇಡಿಕೆ. ಇಂಥ ಸಂಕಿರಣಗಳ ಪ್ರಬಂಧಗಳು ದಪ್ಪ ಪುಸ್ತಕವಾಗಿ ಬಂದು ಗ್ರಂಥಾಲಯದ ಕಪಾಟು ಸೇರುತ್ತವೆ. ಸೇರಲಿ, ಬೇಡ ಎನ್ನುವುದಿಲ್ಲ. ಅದಕ್ಕಿಂತ ಮೊದಲು ಒಂದು ಹಾಳೆ ಅಚ್ಚು ಮಾಡಿಸಿ. ಕನ್ನಡ, ತುಳು, ಬ್ಯಾರಿ, ಕೊಂಕಣಿ, ಉರ್ದು, ಇಷ್ಟು ಭಾಷೆಗಳಲ್ಲಿ. ಯಾವ ದೇಶದಲ್ಲಿ ಯಾವ ಮಾತು ಅಪರಾಧ, ಊರಿನ ಗಲಾಟೆಯ ವಿಡಿಯೊ ಅಲ್ಲಿ ಏಕೆ ಹಂಚಬಾರದು, ಹೆಸರಿನಲ್ಲಿ ನಕಲಿ ಖಾತೆ ಕಂಡರೆ ಅಲ್ಲಿ ಯಾರಿಗೆ, ಇಲ್ಲಿ ಯಾವ ಠಾಣೆಗೆ ಆ ದಿನವೇ ತಿಳಿಸಬೇಕು, ರಾಯಭಾರ ಕಚೇರಿಯ ಫೋನ್ ನಂಬರ್ ಯಾವುದು, ಇಷ್ಟೇ ಇರಲಿ. ಬಜ್ಪೆ ವಿಮಾನ ನಿಲ್ದಾಣದಲ್ಲಿ, ಟ್ರಾವೆಲ್ ಏಜೆನ್ಸಿಗಳ ಮೇಜಿನ ಮೇಲೆ, ವೀಸಾ ಬಂತೆಂದು ಹರಕೆ ತೀರಿಸಲು ಬರುವ ದೇವಸ್ಥಾನ, ದರ್ಗಾ, ಇಗರ್ಜಿಗಳ ಬಾಗಿಲಲ್ಲಿ ಅದು ಸಿಗಬೇಕು. ಕನ್ನಡದ ಪ್ರತಿಯನ್ನು ಬರೆದುಕೊಡುವ ಕೆಲಸ ನನ್ನದು, ಮುಂದಿನ ಸೋಮವಾರದೊಳಗೆ ಕೊಡುತ್ತೇನೆ. ಅಚ್ಚಿನ ಖರ್ಚನ್ನು ದಯವಿಟ್ಟು ಸಂಘಟಕರು ಹೊರಬೇಕು.